ವಾಡೆ, ನೆಲವು, ತಾಖು

ದೇವನಹಳ್ಳಿಗೆ ಹೋದವರು ಕೋಟೆ ನೋಡುತ್ತಾರೆ, ಟಿಪ್ಪು ಹುಟ್ಟಿದ ಜಾಗ ನೋಡುತ್ತಾರೆ. ಆ ಕಾಲದ ಮನೆಗಳಲ್ಲಿ ಜನ ರಾಗಿಯನ್ನು ಎಲ್ಲಿಡುತ್ತಿದ್ದರು, ಬೆಣ್ಣೆಯನ್ನು ಬೆಕ್ಕಿನಿಂದ ಹೇಗೆ ಕಾಯುತ್ತಿದ್ದರು ಎಂದು ಕೇಳುವವರು ಕಡಿಮೆ. ನಮ್ಮ ಚರಿತ್ರೆಯ ಪುಸ್ತಕಗಳು ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತವೆ. ಒಳಗೆ ಕಾಲಿಟ್ಟಿದ್ದರೆ, ಇಕ್ಕಟ್ಟಾದ ಮನೆಯಲ್ಲಿ ದೊಡ್ಡ ಸಂಸಾರದ ವರ್ಷದ ಕಾಳು ಕಾದಿಡಲು ಹೆಂಗಸರು ಹೂಡಿದ ಬುದ್ಧಿ ಅವುಗಳ ಕಣ್ಣಿಗೂ ಬೀಳುತ್ತಿತ್ತು.

ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಕಂಪನಿ ಸರಕಾರದ ಪರವಾಗಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ದೊಡ್ಡಬಳ್ಳಾಪುರಕ್ಕೂ ಬಂದಿದ್ದ. ರೈತರು ರಾಗಿಯನ್ನು ಕಣಜದಲ್ಲೂ ನೆಲದೊಳಗಿನ ಹಗೇವಿನಲ್ಲೂ ಇಡುವುದನ್ನು ಬರೆದುಕೊಂಡ. ರಾಗಿಗೆ ಹುಳು ಹತ್ತುವುದು ಅಪರೂಪ. ಚೆನ್ನಾಗಿ ಒಣಗಿಸಿ, ಗಾಳಿಯಾಡದಂತೆ ಮುಚ್ಚಿಟ್ಟರೆ ವರ್ಷಗಟ್ಟಲೆ ಕೆಡದು. ಹಗೇವಿನ ಒಳಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚುತ್ತಿದ್ದರು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಕಾಯುತ್ತಿದ್ದರು. ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ.

ಹಗೇವು ಬರಗಾಲಕ್ಕೆ, ವಾಡೆ ವರ್ಷಕ್ಕೆ, ಗಡಿಗೆ ದಿನಕ್ಕೆ. ಅಡುಗೆಮನೆ ಚಿಕ್ಕದಾಗಿದ್ದರೂ ನಡೆಯುತ್ತಿದ್ದುದು ಈ ಲೆಕ್ಕದಿಂದ. ಮಣ್ಣಿನ ಬಳೆಗಳನ್ನು ಒಂದರ ಮೇಲೊಂದು ಕೂರಿಸಿ, ಸಂದಿಗೆ ಮಣ್ಣು ಸಗಣಿ ಮೆತ್ತಿ, ಆಳೆತ್ತರ ನಿಲ್ಲಿಸಿದ ವಾಡೆ ನೆಲದ ಮೇಲೆ ಹಿಡಿಯುತ್ತಿದ್ದ ಜಾಗ ಒಂದು ಒರಳಿನಷ್ಟು. ತುಂಬುವುದು ಮೇಲಿನಿಂದ, ತೆಗೆಯುವುದು ಬುಡದ ತೂತಿನಿಂದ. ಬಟ್ಟೆಯ ಬಿರಡೆ ಎಳೆದರೆ ಹಳೆಯ ಕಾಳೇ ಮೊದಲು ಮೊರಕ್ಕೆ ಸುರಿಯುತ್ತಿತ್ತು. ಇಂದಿನ ಗೋದಾಮಿನವರು ಈ ಕ್ರಮ ಪಾಲಿಸಲು ರಿಜಿಸ್ಟರು ಇಡುತ್ತಾರೆ. ನಮ್ಮ ಅಜ್ಜಿಯಂದಿರಿಗೆ ಒಂದು ತೂತು ಸಾಕಾಗಿತ್ತು.

ಇನ್ನು ನೆಲದ ಮೇಲೆ ಜಾಗವಿಲ್ಲದವರು ತಲೆಯೆತ್ತಿ ನೋಡಿದರು. ಒಲೆಯ ಮೇಲಿನ ಅಟ್ಟ ಬರೀ ಸಾಮಾನು ಒಟ್ಟುವ ಜಾಗವಲ್ಲ. ಹೊಗೆಯ ಕಾವಿನಲ್ಲಿ ಬಿತ್ತನೆಯ ಕಾಳು, ಒಣಮೆಣಸಿನಕಾಯಿ, ಹುಣಸೆಹಣ್ಣು ಹುಳ ಹಿಡಿಯದೆ ಉಳಿಯುತ್ತಿದ್ದವು. ತೊಲೆಯಿಂದ ಇಳಿಬಿಟ್ಟ ನೆಲವಿನಲ್ಲಿ ಹಾಲು, ಬೆಣ್ಣೆ. ನಮ್ಮ ಉರ್ದು ಮನೆಮಾತಿನಲ್ಲಿ ಅದೇ ಛೀಂಕಾ. ‘ಬಿಲ್ಲಿ ಕೆ ಭಾಗೋಂ ಛೀಂಕಾ ಟೂಟಾ’, ಬೆಕ್ಕಿನ ಅದೃಷ್ಟಕ್ಕೆ ನೆಲವು ಹರಿಯಿತು ಎನ್ನುವ ಗಾದೆ ಹುಟ್ಟಿದ್ದೂ ಇಂಥದೇ ಅಡುಗೆಮನೆಯಲ್ಲಿ. ದಪ್ಪ ಮಣ್ಣಿನ ಗೋಡೆಯೊಳಗೆ ಬಿಟ್ಟ ಗೂಡನ್ನು ನಾವು ತಾಖು ಎಂದೆವು. ಅಲ್ಲಿ ಉಪ್ಪಿನಕಾಯಿಯ ಜಾಡಿ, ಮಸಾಲೆಯ ಡಬ್ಬಿ, ಸಂಜೆಗೆ ದೀಪ. ಬಕ್ರೀದ್ ಮುಗಿದ ಮೇಲೆ ಉಪ್ಪು ಅರಿಶಿನ ಹಚ್ಚಿದ ಮಾಂಸದ ಎಳೆಗಳು ಹಗ್ಗದ ಮೇಲೆ ಒಣಗುತ್ತಿದ್ದವು. ಮದುವೆಯ ದೇಗುಗಳನ್ನು ಮಾತ್ರ ಯಾರೂ ಮನೆಯಲ್ಲಿಟ್ಟುಕೊಳ್ಳುತ್ತಿರಲಿಲ್ಲ. ಅವು ಜಮಾಅತ್ತಿನ ಸೊತ್ತು. ಬೇಕಾದಾಗ ತಂದು, ತೊಳೆದು ಮರಳಿಸಿದರಾಯಿತು. ವರ್ಷಕ್ಕೊಮ್ಮೆ ಬೇಕಾಗುವ ಪಾತ್ರೆಗೆ ವರ್ಷವಿಡೀ ಜಾಗ ಕೊಡುವ ದಡ್ಡತನವನ್ನು ನಾವು ಕಲಿತದ್ದು ಆಮೇಲೆ.

ಆದರೆ ಇದನ್ನೆಲ್ಲ ಸುವರ್ಣಯುಗವೆಂದು ಹಾಡಿಹೊಗಳಲು ನಮಗೆ ಮನಸ್ಸಿಲ್ಲ. ವಾಡೆ ಇದ್ದದ್ದು ಹೊಲ ಇದ್ದವರ ಮನೆಯಲ್ಲಿ. 1876ರಿಂದ 1878ರವರೆಗಿನ ಧಾತು ಈಶ್ವರ ಬರದಲ್ಲಿ ಹಗೇವು ತುಂಬಿದವನೂ ಬರಿಗೈಯವನೂ ಒಂದೇ ರೀತಿ ಹಸಿಯಲಿಲ್ಲ. 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50.55 ಲಕ್ಷ, 1881ರಲ್ಲಿ 41.86 ಲಕ್ಷ. ಇಷ್ಟು ಜನರ ಲೆಕ್ಕ ತಪ್ಪಿದ್ದು ಯಾವ ಮನೆಗಳಲ್ಲಿ ಎಂದು ಊಹಿಸುವುದು ಕಷ್ಟವಲ್ಲ.

ದೊಡ್ಡಬಳ್ಳಾಪುರದ ನೇಕಾರರ ಮನೆಗಳ ಕತೆಯೇ ಬೇರೆ. ಅಲ್ಲಿ ನಡುಮನೆ ಮಗ್ಗದ್ದು. ಗುಂಡಿಮಗ್ಗ ಹೋಗಿ ವಿದ್ಯುತ್ ಮಗ್ಗ ಬಂದಾಗಲೂ ಮನುಷ್ಯರೇ ಸರಿದು ಕುಳಿತರು. ಅಡುಗೆಮನೆಗೆ ಉಳಿದದ್ದು ಮೂಲೆ. ದಿಂಡು, ಕಂಡಿಕೆಗಳ ಪಕ್ಕದಲ್ಲೇ ಹಿಟ್ಟಿನ ಡಬ್ಬ. ಕೂಲಿ ಬಂದಾಗ ಅಂಗಡಿಯಿಂದ ತಂದು, ಮುಗಿಯುವ ಹೊತ್ತಿಗೆ ಸಾಲ ಬರೆಸುವ ಮನೆಗೆ ವಾಡೆ ಯಾಕೆ? ಕಾದಿಡುವ ಜಾಣ್ಮೆಯ ಮಾತು ಆಡುವಾಗಲೆಲ್ಲ, ಕಾದಿಡಲು ಏನಿತ್ತು ಎಂಬ ಮಾತನ್ನೂ ಆಡಬೇಕಾಗುತ್ತದೆ.

ಮುಂದೆ ಮೋಲ್ಡಿಂಗ್ ಮನೆಗಳು ಬಂದವು, ಕಡಪ ಕಲ್ಲಿನ ಹಲಗೆಗಳು ಬಂದವು, ಅವುಗಳ ಮೇಲೆ ಸ್ಟೀಲ್ ಡಬ್ಬಿಗಳು ಎತ್ತರದ ಕ್ರಮದಲ್ಲಿ ಸಾಲಾಗಿ ನಿಂತವು. ಗ್ಯಾಸ್ ಒಲೆ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಉಳಿಸಿತು, ಅದಕ್ಕೆ ನಮ್ಮ ಸಲಾಮು. ಆದರೆ ಹೊಗೆಯಿಲ್ಲದ ಅಟ್ಟ ಈಗ ಬರೀ ಸಜ್ಜಾ. ಮಿಕ್ಸಿಯ ರಟ್ಟಿನ ಪೆಟ್ಟಿಗೆ, ಮಗಳಿಗೆಂದು ಕೂಡಿಟ್ಟ ಪಾತ್ರೆ, ಕಲಾಯಿ ಕಾಣದ ತಾಮ್ರದ ಹಂಡೆ, ಎಲ್ಲವೂ ಅಲ್ಲಿ. ದಿನವೂ ಬೇಕಾಗುವ ಬೇಳೆ ಕೈಗೆ ಸಿಗದ ಮೂಲೆಯಲ್ಲಿ. ಅದನ್ನು ಕೆಳಗಿಳಿಸಿ, ಬೇಡದ್ದನ್ನು ಕೊಟ್ಟುಬಿಟ್ಟರೆ ಅರ್ಧ ಅಡುಗೆಮನೆ ಮರಳಿ ಬರುತ್ತದೆ. ಬಡಗಿಯನ್ನು ಕರೆಸುವ ಮುಂಚೆ ಇಷ್ಟು ಮಾಡಿ ನೋಡಬಹುದು.

ವಾಡೆ ಮಾತ್ರ ಬಡಗಿಯಿಂದಲೂ ಕುಂಬಾರನಿಂದಲೂ ಮರಳದು, ಅದಕ್ಕೆ ಹೊಲ ಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಸುತ್ತಲಿನ ಹೊಲಗಳು ಸೈಟುಗಳಾದವು. ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕುಳಿತ ರೈತರು ಮೂರು ವರ್ಷ ಕದಲಲಿಲ್ಲ. ಆ ಸ್ವಾಧೀನ ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಜುಲೈ 15ರಂದು ಪ್ರಕಟಿಸಿದರು. ಜುಲೈ ಎಂದರೆ ಆ ಸೀಮೆಯಲ್ಲಿ ರಾಗಿ ಬಿತ್ತನೆಯ ಹೊತ್ತು.