ವಿದ್ಯುತ್ಪ್ರಚೋದನೆಯೂ ವ್ಯಾಯಾಮವೂ: ಮೊಣಕಾಲಿನ ಚಿಕಿತ್ಸೆಯ ಒಂದು ಚಾರಿತ್ರಿಕ ಸಮೀಕ್ಷೆ

ವೈದ್ಯಶಾಸ್ತ್ರದ ಇತಿಹಾಸವನ್ನು ಹೊಸ ಉಪಕರಣಗಳ ವಿಜಯಪರಂಪರೆಯೆಂದು ಬರೆಯುವ ವಾಡಿಕೆಯುಂಟು. ಈ ದೃಷ್ಟಿ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರೀಕ್ಷಿಸಲು ಮೊಣಕಾಲಿನ ಸಂಧಿಸವೆತದ ಚಿಕಿತ್ಸೆ ಉಚಿತವಾದ ನಿದರ್ಶನವಾಗಿದೆ. ಸ್ನಾಯುವನ್ನು ವಿದ್ಯುತ್ತಿನಿಂದ ಸಂಕೋಚಗೊಳಿಸುವುದು ಒಂದು ಮಾರ್ಗ. ರೋಗಿಯೇ ಸ್ವಪ್ರಯತ್ನದಿಂದ ಮಾಡುವ ವ್ಯಾಯಾಮ ಇನ್ನೊಂದು. ಇವೆರಡೂ ಬೇರೆಬೇರೆ ಮೂಲಗಳಿಂದ ಹೊರಟು ಬಹುಕಾಲದ ಮೇಲೆ ಒಂದುಗೂಡಿದುವು.

ಮೊದಲನೆಯ ಮಾರ್ಗ ಪ್ರಾಚೀನವಾದುದು. ರೋಮಿನ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸನು ಕ್ರಿ. ಶ. ಒಂದನೆಯ ಶತಮಾನದಲ್ಲಿಯೇ ತಲೆನೋವು, ವಾತರಕ್ತಗಳಿಗೆ ವಿದ್ಯುನ್ಮತ್ಸ್ಯದ ಆಘಾತವನ್ನು ವಿಧಿಸಿದ್ದನು. 1748ರಲ್ಲಿ ಜಿನೀವದ ಜಲಾಬೆರನು ಪಾರ್ಶ್ವವಾಯು ಬಡಿದ ತೋಳಿಗೆ ವಿದ್ಯುತ್ಪ್ರಯೋಗ ಮಾಡಿದುದನ್ನು ಪ್ರಕಟಿಸಿದನು. 1791ರಲ್ಲಿ ಬೊಲೋನ್ಯದ ಗ್ಯಾಲ್ವಾನಿಯು ಕಪ್ಪೆಯ ಕಾಲಿನ ಮೇಲಣ ತನ್ನ ಪ್ರಯೋಗಗಳನ್ನು ಗ್ರಂಥರೂಪಕ್ಕೆ ತಂದನು. 1831ರಲ್ಲಿ ಫ್ಯಾರಡೆ ಕಂಡುಹಿಡಿದ ಪ್ರೇರಿತ ವಿದ್ಯುತ್ತನ್ನೇ ಆಧರಿಸಿ, ಫ್ರಾನ್ಸಿನ ದ್ಯುಶೆನನು ಒಂದೊಂದೇ ಸ್ನಾಯುವನ್ನು ಚರ್ಮದ ಮೇಲಿನಿಂದಲೇ ಚಾಲಿಸುವ ವಿಧಾನವನ್ನು 1855ರ ಗ್ರಂಥದಲ್ಲಿ ವಿವರಿಸಿದನು.

ಎರಡನೆಯ ಮಾರ್ಗಕ್ಕೆ ಸ್ಟಾಕ್‌ಹೋಮು ಪ್ರಮುಖ ನೆಲೆ. ಅಲ್ಲಿ 1813ರಲ್ಲಿ ಲಿಂಗ್ ಎಂಬಾತನು ಅಂಗಸಾಧನೆಯ ಕೇಂದ್ರಸಂಸ್ಥೆಯನ್ನು ಸ್ಥಾಪಿಸಿದನು. 1865ರಲ್ಲಿ ಜಾಂಡರನು ವ್ಯಾಯಾಮಯಂತ್ರಗಳ ಚಿಕಿತ್ಸಾಲಯವನ್ನು ತೆರೆದನು. ಎರಡನೆಯ ಮಹಾಯುದ್ಧದ ಗಾಯಾಳುಗಳ ಆರೈಕೆಯಲ್ಲಿದ್ದ ಅಮೆರಿಕದ ಡಿಲಾರ್ಮನು, ಕ್ರಮವಾಗಿ ಹೆಚ್ಚುವ ಭಾರವನ್ನೆತ್ತಿಸಿ ಸ್ನಾಯುಬಲವನ್ನು ಮರಳಿ ಪಡೆಯಬಹುದೆಂದು 1945ರಲ್ಲಿ ಪ್ರತಿಪಾದಿಸಿದನು.

ಇವೆರಡೂ ಮೊಣಕಾಲಿನಲ್ಲಿ ಕೂಡಲು ಕಾರಣವಿದೆ. ಕೀಲಿನಲ್ಲಿ ದ್ರವ ತುಂಬಿದರೆ ತೊಡೆಯ ಮುಂಭಾಗದ ಚತುಶ್ಶಿರಸ್ಕ ಸ್ನಾಯು ಪ್ರತಿವರ್ತನೆಯಿಂದ ತಡೆಗೊಳ್ಳುವುದೆಂದು 1965ರಲ್ಲಿ ಡಿ ಆಂಡ್ರಾಡೆ ಮತ್ತು ಸಂಗಡಿಗರು ತೋರಿಸಿದರು. ನೋವಿಲ್ಲದ ಸಂಧಿಸವೆತದಲ್ಲಿಯೂ ಈ ಸ್ನಾಯು ದುರ್ಬಲವಾಗಿರಬಹುದೆಂದು 1997ರ ಸ್ಲೆಮೆಂಡ ಮೊದಲಾದವರ ಅಧ್ಯಯನದಿಂದ ತಿಳಿದುಬಂದಿತು. ಇಚ್ಛೆಯ ಆಜ್ಞೆ ಪೂರ್ಣವಾಗಿ ತಲಪದ ಸ್ನಾಯುವನ್ನು ಹೊರಗಿನ ವಿದ್ಯುತ್ತು ಎಚ್ಚರಿಸೀತು. ಬಳಿಕ ವ್ಯಾಯಾಮ ಅದನ್ನು ಬೆಳೆಸೀತು ಎಂಬುದೇ ಸಂಯುಕ್ತ ಚಿಕಿತ್ಸೆಯ ತರ್ಕ.

ತರ್ಕ ಸಮಂಜಸವಾದ ಮಾತ್ರಕ್ಕೆ ಫಲ ಸಿದ್ಧಿಸಿತೆಂದು ಹೇಳಲಾಗದು. 1977ರಲ್ಲಿ ಸೋವಿಯತ್ ವಿಜ್ಞಾನಿ ಕೋಟ್ಸ್ ಮಾಂಟ್ರಿಯಲ್ಲಿನಲ್ಲಿ ಕ್ರೀಡಾಪಟುಗಳ ಅಸಾಧಾರಣ ಬಲವೃದ್ಧಿಯನ್ನು ವರದಿಮಾಡಿದಾಗ ಎಲ್ಲೆಡೆ ಉತ್ಸಾಹವುಂಟಾಯಿತು. ಮುಂದಿನ ಪರೀಕ್ಷೆಗಳಲ್ಲಿ ಅಷ್ಟು ಫಲ ಸಾಮಾನ್ಯವಾಗಿ ದೊರೆಯಲಿಲ್ಲ. ಕೃತಕ ಕೀಲನ್ನು ಜೋಡಿಸಿದ 66 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಶಸ್ತ್ರಕ್ರಿಯೆಯ 48 ಗಂಟೆಗಳ ಬಳಿಕ ಪ್ರಚೋದನೆಯನ್ನಾರಂಭಿಸಿ ವ್ಯಾಯಾಮದೊಡನೆ ಕೂಡಿಸಿದವರಿಗೆ ಬಲ ಹೆಚ್ಚಾಗಿ ಮರಳಿತು. ಆದರೆ ಸಂಧಿಸವೆತದ ಸಾಮಾನ್ಯ ಚಿಕಿತ್ಸೆಗೆ, ಆಧಾರ ಸಾಲದೆಂಬ ಕಾರಣದಿಂದ, ಇಂಗ್ಲೆಂಡಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ವಿದ್ಯುತ್ಪ್ರಚೋದನೆಯನ್ನು ಒಪ್ಪಲಿಲ್ಲ. ವ್ಯಾಯಾಮವನ್ನಾದರೋ ಎಲ್ಲ ರೋಗಿಗಳಿಗೂ ವಿಧಿಸಿತು.

ಈ ಎರಡು ನಿರ್ಣಯಗಳು ಪರಸ್ಪರ ವಿರುದ್ಧವಲ್ಲ. ಶಸ್ತ್ರಕ್ರಿಯೆಯಾದ ಕೂಡಲೇ ಸ್ನಾಯು ಇಚ್ಛೆಗೆ ಓಗೊಡದಿರುವಾಗ ಯಂತ್ರಕ್ಕೆ ಕೆಲಸವಿದೆ; ಸ್ವತಃ ಕಾಲನ್ನು ನೀಡಬಲ್ಲ ರೋಗಿಗೆ ಅದು ಎಷ್ಟನ್ನು ಕೂಡಿಸುವುದೆಂಬುದು ಇನ್ನೂ ವಿವಾದಾಸ್ಪದ. ಗ್ಯಾಲ್ವಾನಿಯ ಕಪ್ಪೆಯ ಕಾಲು ಅಲುಗಿತು, ಆದರೆ ನಡೆಯಲಿಲ್ಲ. ಸ್ನಾಯುವಿನ ಚಲನೆಯೂ ಮನುಷ್ಯನ ನಡಿಗೆಯೂ ಒಂದೇ ಎಂದು ಭಾವಿಸಿದಾಗಲೆಲ್ಲ ಈ ಚಿಕಿತ್ಸೆಯ ಕೀರ್ತಿ ಅದರ ಫಲವನ್ನು ಮೀರಿತು. ಉಪಕರಣದ ಚರಿತ್ರೆಯನ್ನು ಬರೆಯುವವನು ಅದರ ಆವಿಷ್ಕಾರದ ವರ್ಷದೊಡನೆ, ಅದು ಯಾರಿಗೆ, ಯಾವ ಅವಸ್ಥೆಯಲ್ಲಿ ಉಪಯೋಗಕ್ಕೆ ಬಂದಿತೆಂಬುದನ್ನೂ ದಾಖಲಿಸುವುದು ಅವಶ್ಯಕ.