ಲಾಲ್‌ಬಾಗ್‌ನ ಆ ಆರು ವರ್ಷಗಳು

ಲಾಲ್‌ಬಾಗ್‌ನ ಇತಿಹಾಸವೆಂದರೆ ಸಾಮಾನ್ಯವಾಗಿ ಹೆಸರುಗಳ ಒಂದು ಸಾಲು. 1760ರಲ್ಲಿ ತೋಟ ಶುರುಮಾಡಿದ ಹೈದರಾಲಿ, ಹೊರನಾಡುಗಳಿಂದ ಬೀಜ, ಸಸಿ ತರಿಸಿದ ಟಿಪ್ಪು, ಲಂಡನ್ನಿನ ಕ್ಯೂ ಉದ್ಯಾನದಿಂದ ಬಂದ ವಿಲಿಯಂ ನ್ಯೂ, ಸೀಮೆಬದನೆಯನ್ನು ನಮ್ಮ ಅಡುಗೆಮನೆಗೆ ತಂದ ಜಾನ್ ಕ್ಯಾಮರಾನ್, ಆಮೇಲೆ ಕ್ರುಂಬಿಗಲ್, ಜವರಾಯ, ಮರಿಗೌಡ. ಈ ಸಾಲಿನಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲದ ಆರು ವರ್ಷಗಳಿವೆ: 1836ರಿಂದ 1842. ನಾನು ಅಲ್ಲಿ ಸ್ವಯಂಸೇವಕಿಯಾದ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ವರ್ಷಗಳೇ.

1799ರಲ್ಲಿ ಟಿಪ್ಪು ಮಡಿದ ಮೇಲೆ ತೋಟ ಕಂಪನಿಯ ಕೈಸೇರಿತು. ಮೇಜರ್ ವಾ ಎಂಬ ಅಧಿಕಾರಿ ಕೆಲಕಾಲ ನೋಡಿಕೊಂಡರು. ಮುಂದೆ ಅದು ದೂರದ ಕಲ್ಕತ್ತೆಯ ಸಸ್ಯೋದ್ಯಾನದ ಉಸ್ತುವಾರಿಗೆ ಹೋಯಿತು. 1831ರಲ್ಲಿ ಮೈಸೂರು ಸಂಸ್ಥಾನ ಬ್ರಿಟಿಷ್ ಕಮಿಷನರರ ಆಡಳಿತಕ್ಕೆ ಒಳಪಟ್ಟಿತು. 1836ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ತೋಟವನ್ನು ಕೃಷಿ ಮತ್ತು ತೋಟಗಾರಿಕಾ ಸಂಘವೊಂದಕ್ಕೆ ಒಪ್ಪಿಸಿದರು. ಅಂದರೆ ಒಂದು ಇಡೀ ತೋಟ ಹವ್ಯಾಸಿಗಳ ಕೈಗೆ ಬಂತು. ಆ ಕಾಲದ ಇಂಥ ಸಂಘಗಳು ಸದಸ್ಯರ ಚಂದಾ ಮತ್ತು ಉತ್ಸಾಹದ ಮೇಲೆ ನಡೆಯುತ್ತಿದ್ದವು. 1842ರಲ್ಲಿ ಸಂಘ ವಿಸರ್ಜನೆಯಾಯಿತು. 1856ರಲ್ಲಿ ಹ್ಯೂ ಕ್ಲೆಗ್‌ಹಾರ್ನ್ ಸಲಹೆಯಂತೆ ತೋಟ ಸರ್ಕಾರಿ ಸಸ್ಯೋದ್ಯಾನವಾಯಿತು. ಎರಡು ವರ್ಷಗಳ ನಂತರ ಬಂದ ವಿಲಿಯಂ ನ್ಯೂ ತೋಟದ ಕೆಲಸವನ್ನೇ ಕಲಿತು ಬಂದವರು.

ಭಾನುವಾರ ಬೆಳಗ್ಗೆ ಶಾಲಾಮಕ್ಕಳನ್ನು ಮರಗಳ ನಡುವೆ ಸುತ್ತಾಡಿಸುವುದು, ಮಾಸಿಹೋದ ನಾಮಫಲಕಗಳನ್ನು ಪಟ್ಟಿಮಾಡುವುದು, ಯಾವ ಮರ ಯಾವ ವಾರ ಹೂಬಿಟ್ಟಿತೆಂದು ಬರೆದಿಡುವುದು, ಇಷ್ಟು ನನ್ನ ಕೆಲಸ. 1961ರಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ನೆಟ್ಟ ಅರಾಕೇರಿಯಾ ಮರದ ಮುಂದೆ ಒಬ್ಬ ಹುಡುಗ ಕೇಳಿದ: "ಅಕ್ಕಾ, ಗುಂಡಿ ತೋಡಿದ್ದು ಯಾರು?" ಉಳಿದ ಮಕ್ಕಳು ನಕ್ಕರು. ಪಕ್ಕದಲ್ಲಿ ಪಾತಿಯ ಕಳೆ ಕೀಳುತ್ತಿದ್ದ ಹಿರಿಯ ಕೆಲಸಗಾರ್ತಿಯೊಬ್ಬರು ತಲೆಯೆತ್ತಿ, "ನಮ್ಮಂಥೋರೇ ಕಣಪ್ಪ, ಇನ್ಯಾರು" ಅಂದರು.

ಇತಿಹಾಸದ ವಿದ್ಯಾರ್ಥಿಗೆ ಇದು ನಗುವ ಪ್ರಶ್ನೆಯಲ್ಲ. ಕ್ಯಾಮರಾನ್ 1891ರಲ್ಲಿ ಹೊರತಂದ ಸಸ್ಯಪಟ್ಟಿಯಲ್ಲಿ ಗಿಡಗಳ ಹೆಸರುಗಳು ಅಚ್ಚುಕಟ್ಟಾಗಿವೆ. ಅವಕ್ಕೆ ನೀರು ಹೊತ್ತವರನ್ನು ಹುಡುಕಲು ಅದು ನೆರವಾಗುವುದಿಲ್ಲ. ಚಿತ್ರಕಾರ ಚೆಲುವಯ್ಯ ರಾಜು ಅವರಂಥವರ ಹೆಸರು ಅವರು ಬರೆದ ಸಸ್ಯಚಿತ್ರಗಳಿಂದಾಗಿ ಉಳಿದಿದೆ. ಬೆಂಗಳೂರಿನ ತೋಟಗಾರಿಕೆಯೊಂದಿಗೆ ತಲೆಮಾರುಗಳಿಂದ ಬೆಸೆದುಕೊಂಡಿರುವ ತಿಗಳ ಸಮುದಾಯವನ್ನು ನಾವು ಕರಗದ ದಿನ ನೆನೆಯುತ್ತೇವೆ, ಲಾಲ್‌ಬಾಗ್‌ನಲ್ಲಿ ನಿಂತಾಗ ಮರೆಯುತ್ತೇವೆ.

1842ನ್ನು ನಾನು ಈ ದಿಕ್ಕಿನಿಂದ ಓದುತ್ತೇನೆ. ಉತ್ಸಾಹಕ್ಕೆ ರಜೆಯಿದೆ, ವರ್ಗಾವಣೆಯಿದೆ, ಬೇಸರವಿದೆ. ಪಾತಿಗೆ ಅವೊಂದೂ ಇಲ್ಲ. ಬೇಸಿಗೆಯಲ್ಲಿ ನಾಲ್ಕು ದಿನ ನೀರು ತಪ್ಪಿದರೆ ಸಸಿ ಒಣಗುತ್ತದೆ. ಕ್ರುಂಬಿಗಲ್ ಕಾಲದಲ್ಲಿ ಹುಟ್ಟಿದ ಮೈಸೂರು ಉದ್ಯಾನಕಲಾ ಸಂಘ ಇಂದಿಗೂ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಹೊತ್ತಿಗೆ ಫಲಪುಷ್ಪ ಪ್ರದರ್ಶನದಲ್ಲಿ ತೋಟಗಾರಿಕೆ ಇಲಾಖೆಯ ಜೊತೆ ನಿಲ್ಲುತ್ತದೆ. ಮೊದಲ ಸಂಘ ತೋಟದ ಭಾರವನ್ನೇ ಹೊತ್ತುಕೊಂಡಿತು, ಎರಡನೆಯದು ಹೊತ್ತವರಿಗೆ ಹೆಗಲು ಕೊಟ್ಟಿತು. ಬಾಳಿದ್ದು ಎರಡನೆಯದು.

ಈ ವ್ಯತ್ಯಾಸ ಇಂದಿಗೂ ಮುಖ್ಯ. ಸಾರ್ವಜನಿಕ ಉದ್ಯಾನಗಳಿಗೆ ಸ್ವಯಂಸೇವಕರು ಬೇಕು, ನಿಜ. ಆದರೆ ಮಾಲಿಯ ಹುದ್ದೆ ಖಾಲಿಯಿರುವಲ್ಲಿ ಬಿಟ್ಟಿ ಕೈಗಳಿಂದ ಕೆಲಸ ತೆಗೆಯುವುದು ಸೇವೆಯಲ್ಲ. ಒಬ್ಬರ ಅನ್ನಕ್ಕೆ ಇನ್ನೊಬ್ಬರ ಹವ್ಯಾಸವನ್ನು ಅಡ್ಡ ಇಟ್ಟಂತೆ. ಸ್ವಯಂಸೇವಕರಾಗಲು ಹೊರಟ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೇ: ಗುದ್ದಲಿಗಿಂತ ಮೊದಲು ನೋಟ್‌ಬುಕ್ ತೆಗೆದುಕೊಳ್ಳಿ. ಹೂಬಿಟ್ಟ ತಾರೀಖು ಬರೆಯಿರಿ. ನಿವೃತ್ತರಾಗುತ್ತಿರುವ ಮಾಲಿಗಳ ಬಳಿ ಕೂತು, ಯಾವ ಸಾಲನ್ನು ಯಾರು, ಯಾವ ವರ್ಷ ನೆಟ್ಟರೆಂದು ಕೇಳಿ, ಅವರು ಒಪ್ಪಿದರೆ ಹೆಸರು ಸಮೇತ ದಾಖಲಿಸಿ. ಗುಂಡಿ ತೋಡಿದವರು ಯಾರೆಂದು ಇನ್ನೊಂದು ಮಗು ಕೇಳಿದಾಗ ಓದಿ ಹೇಳಲು ಒಂದು ಪುಟವಾದರೂ ಇರಲಿ.