ಖಾಲಿಯಾದ ಕುರ್ಚಿ ಯಾರದು?

ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಒಂಬತ್ತನೇ ತರಗತಿಯಲ್ಲಿ ಒಂದು ದಿನ ಪೌರನೀತಿ ಪಾಠ ನಡೆಯುತ್ತಿತ್ತು. ಲೋಕಸಭೆ, ರಾಜ್ಯಸಭೆ, ಸದಸ್ಯರ ಸಂಖ್ಯೆ, ಅವಧಿ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಮುಗಿಸಿದ ಮೇಷ್ಟ್ರು, 'ಏನಾದ್ರೂ ಕೇಳೋದಿದ್ರೆ ಕೇಳ್ರಪ್ಪ' ಎಂದರು. ಹಿಂದಿನ ಬೆಂಚಿನ ಗೆಳೆಯನೊಬ್ಬ ಎದ್ದು, 'ಸಾ, ಗೆದ್ದೋರು ಸತ್ತೋದ್ರೆ ಎರಡನೇ ಬಂದೋರ್ನೇ ಕರೆದು ಕೂರಿಸಬೋದಲ್ವಾ? ಮತ್ತೆ ಎಲೆಕ್ಷನ್ ಯಾಕೆ ಸಾ?' ಎಂದ. ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ. 'ಸೋತೋರು ಅಂದ್ರೆ ಜನ ಬೇಡ ಅಂದೋರು ಕಣೋ. ಅವರನ್ನ ಹೆಂಗೆ ಕೂರಿಸ್ತೀಯ?' ಎಂದರು. ಸ್ವಲ್ಪ ತಡೆದು, 'ಆದ್ರೆ ಎಲ್ಲ ದೇಶದಲ್ಲೂ ಒಂದೇ ಥರ ಇಲ್ಲ. ದೊಡ್ಡೋರಾದ ಮೇಲೆ ಓದಿ ತಿಳ್ಕೊಳ್ಳಿ' ಎಂದು ಡಸ್ಟರ್ ಕೈಗೆತ್ತಿಕೊಂಡರು.

ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಮಿತಿಯವರು ಫೋನ್ ಮಾಡಿದಾಗ ನನಗೆ ನೆನಪಾದದ್ದು ಆ ಪ್ರಶ್ನೆ. ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡು ಕಂಪ್ಯೂಟರಿನ ಮುಂದೆ. ಆದರೂ ಈ ಒಂದು ಪ್ರಶ್ನೆಯ ಬೆನ್ನು ಹತ್ತಿ ಅಷ್ಟಿಷ್ಟು ಓದಿದ್ದೇನೆ, ಒಂದು ಹಳೆಯ ಪಾರ್ಲಿಮೆಂಟ್ ಕಟ್ಟಡವನ್ನೂ ನೋಡಿ ಬಂದಿದ್ದೇನೆ.

ಮೇಷ್ಟ್ರು ಹೇಳಿದ್ದು ನಿಜ, ಎಲ್ಲ ಕಡೆ ಒಂದೇ ಥರ ಇಲ್ಲ. ಇಂಗ್ಲೆಂಡಿನಲ್ಲಿ ನಮ್ಮಂತೆಯೇ ಉಪಚುನಾವಣೆ. ಜರ್ಮನಿಯಲ್ಲಿ ಪಕ್ಷ ಮೊದಲೇ ಕೊಟ್ಟಿರುವ ಪಟ್ಟಿಯಲ್ಲಿ ಮುಂದಿನ ಹೆಸರಿನವರು ಬಂದು ಕೂರುತ್ತಾರೆ. ಫ್ರಾನ್ಸಿನಲ್ಲಿ ಪ್ರತಿ ಅಭ್ಯರ್ಥಿಯೂ ಒಬ್ಬ ಬದಲಿಯನ್ನು ಜೊತೆಗಿಟ್ಟುಕೊಂಡೇ ಚುನಾವಣೆಗೆ ನಿಲ್ಲಬೇಕು. ಸದಸ್ಯ ತೀರಿಕೊಂಡರೆ ಆ ಬದಲಿಯೇ ಸದಸ್ಯ. ಅಮೆರಿಕದಲ್ಲಿ ಕೆಳಮನೆಗೆ ಚುನಾವಣೆಯೇ ಆಗಬೇಕು, ಸೆನೆಟ್‌ಗೆ ಮಾತ್ರ ಅನೇಕ ರಾಜ್ಯಗಳಲ್ಲಿ ಗವರ್ನರ್ ತಾತ್ಕಾಲಿಕವಾಗಿ ಒಬ್ಬರನ್ನು ಕಳಿಸಬಹುದು. ನಮ್ಮ ಗೆಳೆಯನ ಯೋಚನೆಗೆ ತುಸು ಹತ್ತಿರ ಬರುವುದು ಆಸ್ಟ್ರೇಲಿಯಾದ ಟಾಸ್ಮೇನಿಯಾ ರಾಜ್ಯದ ವಿಧಾನಸಭೆ. ಅಲ್ಲಿ ಮತದಾರರು 1, 2, 3 ಎಂದು ಪ್ರಾಶಸ್ತ್ಯ ಗುರುತಿಸುತ್ತಾರೆ. ಸದಸ್ಯನ ಜಾಗ ತೆರವಾದರೆ ಆತನನ್ನು ಗೆಲ್ಲಿಸಿದ ಮತಪತ್ರಗಳನ್ನೇ ಮತ್ತೆ ತೆಗೆದು, ಆ ಮತದಾರರು ನಂತರ ಯಾರನ್ನು ಬಯಸಿದ್ದರು ಎಂದು ಎಣಿಸುತ್ತಾರೆ. ಎರಡನೆಯವರೇ ಬಂದಂತಾಯಿತು. ಆದರೆ ಇವರು ಎದುರಾಳಿಯ ಮತದಾರರಿಗೆ ಬೇಕಾದವರಲ್ಲ, ಹೋದವರ ಮತದಾರರಿಗೇ ಬೇಕಾದ ಎರಡನೆಯವರು. ಇದನ್ನು ಓದಿದ ದಿನ ಆ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಆಗ ಅವನು ಗದ್ದೆಯಲ್ಲಿ ಕಬ್ಬು ಕಡಿಸುತ್ತಿದ್ದ. 'ನಾನು ಅವತ್ತೇ ಹೇಳಿರ್ನಿಲ್ವಾ' ಎಂದ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅದೇ ಆಸ್ಟ್ರೇಲಿಯಾದ ಸೆನೆಟ್‌ನ ಕಥೆ. ಆಫೀಸಿನ ಕೆಲಸಕ್ಕೆ ಸಿಡ್ನಿಗೆ ಹೋಗಿದ್ದಾಗ ಒಂದು ಶನಿವಾರ ಬಸ್ಸು ಹಿಡಿದು ರಾಜಧಾನಿ ಕ್ಯಾನ್‌ಬೆರಾಗೆ ಹೋದೆ. ಅಲ್ಲಿಯ ಹಳೆಯ ಪಾರ್ಲಿಮೆಂಟ್ ಭವನ ಈಗ ವಸ್ತುಸಂಗ್ರಹಾಲಯ. ಕೆಂಪು ಆಸನಗಳ ಸೆನೆಟ್ ಸಭಾಂಗಣವನ್ನು ಹಾಗೆಯೇ ಉಳಿಸಿದ್ದಾರೆ. ಆ ಆಸನಗಳಲ್ಲಿ ಒಂದು ಖಾಲಿಯಾದದ್ದಕ್ಕೆ, ಅದನ್ನು ತುಂಬಿದ ರೀತಿಗೆ, ಒಂದು ಸರ್ಕಾರವೇ ಉರುಳಿತು. ಅದು ನಡೆದದ್ದು 1975ರಲ್ಲಿ. ನಮ್ಮೂರಿನಲ್ಲಿ ಮಾರಿಗುಡಿಯ ಜಗಲಿಯ ಮೇಲೆ ಎಂಟನೇ ತರಗತಿ ಶುರುವಾಗಿ ಈ ಪ್ರೌಢಶಾಲೆ ಹುಟ್ಟಿದ ವರ್ಷವೂ ಅದೇ.

ಆಸ್ಟ್ರೇಲಿಯಾದ ಸೆನೆಟ್ ನಮ್ಮ ರಾಜ್ಯಸಭೆಯಂತೆ ರಾಜ್ಯಗಳ ಸಭೆ. ಆದರೆ ಸದಸ್ಯರನ್ನು ಜನರೇ ನೇರವಾಗಿ ಆರಿಸುತ್ತಾರೆ. ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ನಮ್ಮ ರಾಜ್ಯಸಭೆ ಹಣಕಾಸು ಮಸೂದೆಯನ್ನು 14 ದಿನ ಮಾತ್ರ ಇಟ್ಟುಕೊಳ್ಳಬಹುದು. ಅಲ್ಲಿಯ ಸೆನೆಟ್ ಮನಸ್ಸು ಮಾಡಿದರೆ ಬಜೆಟ್ಟನ್ನೇ ತಡೆದು ನಿಲ್ಲಿಸಬಹುದು. ಸೆನೆಟರ್ ಒಬ್ಬರು ತೀರಿಕೊಂಡರೆ ಅಥವಾ ರಾಜೀನಾಮೆ ಕೊಟ್ಟರೆ ಆ ರಾಜ್ಯದ ಶಾಸನಸಭೆ ಇನ್ನೊಬ್ಬರನ್ನು ಆರಿಸಿ ಕಳಿಸಬೇಕು ಎಂದು ಸಂವಿಧಾನದ 15ನೇ ವಿಧಿ ಹೇಳುತ್ತಿತ್ತು. ಹೋದವರ ಪಕ್ಷದವರನ್ನೇ ಕಳಿಸಬೇಕು ಎಂಬುದು 1949ರ ನಂತರ ಬೆಳೆದುಬಂದ ರೂಢಿ. ಅದು ಕಾನೂನಿನಲ್ಲಿ ಇರಲಿಲ್ಲ. ಸಭ್ಯರ ನಡುವಿನ ಮಾತು ಅಷ್ಟೆ.

1975ರಲ್ಲಿ ಪ್ರಧಾನಿಯಾಗಿದ್ದವರು ಲೇಬರ್ ಪಕ್ಷದ ಗಾಫ್ ವಿಟ್ಲಮ್. ಕೆಳಮನೆಯಲ್ಲಿ ಅವರಿಗೆ ಬಹುಮತವಿತ್ತು. 60 ಸದಸ್ಯರ ಸೆನೆಟ್‌ನಲ್ಲಿ ಮಾತ್ರ ಒಂದೊಂದು ಸ್ಥಾನಕ್ಕೂ ಎಳೆದಾಟ. ಆ ವರ್ಷದ ಫೆಬ್ರವರಿಯಲ್ಲಿ ಅವರ ಪಕ್ಷದ ಲಯೊನೆಲ್ ಮರ್ಫಿ ಹೈಕೋರ್ಟ್ ನ್ಯಾಯಾಧೀಶರಾಗಲು ರಾಜೀನಾಮೆ ಕೊಟ್ಟರು. ಆ ದೇಶದಲ್ಲಿ ಹೈಕೋರ್ಟ್ ಎಂದರೆ ನಮ್ಮ ಸುಪ್ರೀಂ ಕೋರ್ಟ್ ಇದ್ದಂತೆ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಅಧಿಕಾರದಲ್ಲಿದ್ದದ್ದು ಎದುರು ಪಕ್ಷ. ಅವರು ರೂಢಿ ಮುರಿದು ಆಲ್ಬರಿ ಪಟ್ಟಣದ ಮೇಯರ್, ಯಾವ ಪಕ್ಷಕ್ಕೂ ಸೇರದ ಕ್ಲೀವರ್ ಬಂಟನ್ ಎಂಬವರನ್ನು ಕಳಿಸಿದರು. ಬಂಟನ್ ದೊಡ್ಡ ಮನುಷ್ಯ. ಮುಂದೆ ಬಜೆಟ್ ತಡೆಯುವ ಪ್ರಸಂಗ ಬಂದಾಗ ತಮ್ಮನ್ನು ಕಳಿಸಿದವರ ಕಡೆ ನಿಲ್ಲಲಿಲ್ಲ.

ಜೂನ್ 25ರಂದು ನಮ್ಮಲ್ಲಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಐದು ದಿನಗಳ ನಂತರ, ಜೂನ್ 30ರಂದು, ಕ್ವೀನ್ಸ್‌ಲ್ಯಾಂಡ್ ರಾಜ್ಯದ ಲೇಬರ್ ಸೆನೆಟರ್ ಬರ್ಟೀ ಮಿಲಿನರ್ ಹಠಾತ್ತನೆ ತೀರಿಕೊಂಡರು. ಲೇಬರ್ ಪಕ್ಷ ಅವರ ಜಾಗಕ್ಕೆ ಮಾಲ್ ಕೋಲ್ಸ್ಟನ್ ಹೆಸರನ್ನು ಕೊಟ್ಟಿತು. ಕ್ವೀನ್ಸ್‌ಲ್ಯಾಂಡಿನ ಮುಖ್ಯಸ್ಥ ಜೋ ಬ್ಯೆಲ್ಕೆ-ಪೀಟರ್ಸನ್ ವಿಟ್ಲಮ್ ಅವರ ಕಡುವಿರೋಧಿ. ಒಂದು ಹೆಸರು ಸಾಲದು, ಮೂರು ಕೊಡಿ ಎಂದರು. ಪಕ್ಷ ಒಪ್ಪಲಿಲ್ಲ. ಆಗ ಅವರು ಹುಡುಕಿ ತಂದದ್ದು ಆಲ್ಬರ್ಟ್ ಫೀಲ್ಡ್ ಎಂಬವರನ್ನು. ಮರದ ಪೀಠೋಪಕರಣಗಳಿಗೆ ಪಾಲಿಶ್ ಹಾಕುವ ಕುಶಲಕರ್ಮಿ, ಲೇಬರ್ ಪಕ್ಷದ ಬಹುಕಾಲದ ಸದಸ್ಯ, ಆದರೆ ವಿಟ್ಲಮ್ ಅವರನ್ನು ಕಂಡರೆ ಆಗದವರು. ಸೆಪ್ಟೆಂಬರ್ 3ರಂದು ರಾಜ್ಯದ ಶಾಸನಸಭೆ ಅವರನ್ನೇ ಆರಿಸಿತು. ಪಕ್ಷದವರನ್ನೇ ಕಳಿಸಿದ್ದೇವಲ್ಲ, ಇನ್ನೇನು ಎಂದು ಕೇಳುವಂತಿತ್ತು. ಪಕ್ಷ ಫೀಲ್ಡ್ ಅವರನ್ನು ಹೊರಹಾಕಿತು. ಸರ್ಕಾರಿ ನೌಕರಿಯನ್ನು ಅವರು ಸರಿಯಾಗಿ ಬಿಟ್ಟಿರಲಿಲ್ಲ ಎಂಬ ವಿಷಯ ಕೋರ್ಟಿಗೆ ಹೋಗಿ, ಅಕ್ಟೋಬರ್ ಆರಂಭದಿಂದ ಅವರು ಸೆನೆಟ್‌ಗೆ ಬರಲೂ ಇಲ್ಲ.

ಬರದೇ ಇದ್ದದ್ದೇ ಸಾಕಾಯಿತು. ಲೆಕ್ಕ ನೋಡಿ. ಮಿಲಿನರ್ ಬದುಕಿದ್ದಿದ್ದರೆ, ಅಥವಾ ಅವರ ಜಾಗಕ್ಕೆ ಕೋಲ್ಸ್ಟನ್ ಬಂದಿದ್ದರೆ, ಬಜೆಟ್ ತಡೆಯುವ ನಿರ್ಣಯಕ್ಕೆ 30 ಮತ, ವಿರುದ್ಧ 30. ಸಮಬಲವಾದರೆ ನಿರ್ಣಯ ಬಿದ್ದುಹೋಗುತ್ತದೆ. ಆ ಕುರ್ಚಿ ಖಾಲಿ ಇದ್ದದ್ದರಿಂದ 30ಕ್ಕೆ 29 ಆಯಿತು. ಅಕ್ಟೋಬರ್ 16ರಂದು ಸೆನೆಟ್ ಬಜೆಟ್ಟನ್ನು ಮುಂದೂಡಿತು. ಸರ್ಕಾರದ ಖಜಾನೆ ಬರಿದಾಗುವ ದಿನ ಹತ್ತಿರವಾಯಿತು. ಎರಡೂ ಕಡೆಯವರು ಜಗ್ಗಲಿಲ್ಲ. ನವೆಂಬರ್ 11ರಂದು ಗವರ್ನರ್ ಜನರಲ್ ಸರ್ ಜಾನ್ ಕೆರ್ ಪ್ರಧಾನಿಯನ್ನೇ ವಜಾ ಮಾಡಿ ವಿರೋಧ ಪಕ್ಷದ ನಾಯಕ ಮಾಲ್ಕಂ ಫ್ರೇಸರ್ ಅವರನ್ನು ಹಂಗಾಮಿ ಪ್ರಧಾನಿಯಾಗಿ ನೇಮಿಸಿದರು. ಡಿಸೆಂಬರ್ 13ರ ಚುನಾವಣೆಯಲ್ಲಿ ಫ್ರೇಸರ್ ಬಣಕ್ಕೆ 127ರಲ್ಲಿ 91 ಸ್ಥಾನ. ಜನ ವಿಟ್ಲಮ್ ಅವರಿಂದ ಬೇಸತ್ತಿದ್ದರು ಎನ್ನುವುದೂ ಅಷ್ಟೇ ನಿಜ, ಅದನ್ನು ಮರೆಮಾಚಬಾರದು. ಆದರೂ ಆ ತೀರ್ಪು ಕೊಡುವ ಸಮಯವನ್ನು ಗೊತ್ತುಮಾಡಿದ್ದು ಒಂದು ಸಾವು ಮತ್ತು ಕಾನೂನಿನಲ್ಲಿ ಇಲ್ಲದ ಒಂದು ಸಾಲು.

ನಮ್ಮ ಕೆಲಸದಲ್ಲೂ ಹೀಗಾಗುತ್ತದೆ. ಹಾಗೆ ಯಾರೂ ಮಾಡುವುದಿಲ್ಲ ಬಿಡಿ ಎಂದು ಕೋಡಿನಲ್ಲಿ ಬರೆಯದೆ ಬಿಟ್ಟದ್ದನ್ನೇ ಯಾರೋ ಒಬ್ಬರು ಮಾಡುತ್ತಾರೆ, ರಾತ್ರಿ ಎರಡು ಗಂಟೆಗೆ ನಮಗೆ ಫೋನ್ ಬರುತ್ತದೆ. ಆಸ್ಟ್ರೇಲಿಯಾದವರು ಆ ಸಾಲನ್ನು 1977ರ ಮೇ 21ರಂದು ಬರೆದರು. ತೆರವಾದ ಸ್ಥಾನಕ್ಕೆ ಅದೇ ಪಕ್ಷದವರೇ ಬರಬೇಕು, ಪ್ರಮಾಣವಚನಕ್ಕೆ ಮೊದಲೇ ಪಕ್ಷ ಅವರನ್ನು ಹೊರಹಾಕಿದರೆ ಆಯ್ಕೆಯೇ ರದ್ದು ಎಂಬ ತಿದ್ದುಪಡಿಗೆ ಜನಮತಗಣನೆಯಲ್ಲಿ ಶೇ. 73ಕ್ಕೂ ಹೆಚ್ಚು ಜನ ಹೂಂ ಎಂದರು. ಸಂವಿಧಾನ ತಿದ್ದಲು ಆ ದೇಶದ ಜನ ಸುಲಭಕ್ಕೆ ಒಪ್ಪುವವರಲ್ಲ. 2023ರವರೆಗೆ ಅವರ ಮುಂದಿಟ್ಟ 45 ಪ್ರಸ್ತಾಪಗಳಲ್ಲಿ ಗೆದ್ದದ್ದು 8 ಮಾತ್ರ.

ಅಂದು ಅನ್ಯಾಯಕ್ಕೊಳಗಾದ ಕೋಲ್ಸ್ಟನ್ ಕಥೆ ಕೇಳಿ. ಅದೇ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಸೆನೆಟರ್ ಆದರು. 1996ರಲ್ಲಿ ಲೇಬರ್ ಪಕ್ಷ ಬಿಟ್ಟು, ಎದುರು ಬಣದ ಬೆಂಬಲದಿಂದ ಸೆನೆಟ್‌ನ ಉಪಾಧ್ಯಕ್ಷರಾದರು. ಸ್ಥಾನವನ್ನು ಮಾತ್ರ ಬಿಡಲಿಲ್ಲ. ಸತ್ತವರ ಕುರ್ಚಿಗೆ ಕಾನೂನು ಬಂದಿತ್ತು, ಪಕ್ಷ ಬಿಟ್ಟವರ ಕುರ್ಚಿಗೆ ಬಂದಿರಲಿಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಲೋಕಸಭೆಯ ಕುರ್ಚಿ ಮತದಾರರದು ಎಂಬುದರಲ್ಲಿ ಮೊದಲಿನಿಂದ ಅನುಮಾನವಿರಲಿಲ್ಲ. ಉಪಚುನಾವಣೆ ನಡೆಯಲೇಬೇಕು. ರಾಜೀನಾಮೆಯಿಂದ ತೆರವಾದ ಕ್ಷೇತ್ರ ಎಂದರೆ ನಮ್ಮ ಹಿರಿಯರಿಗೆ ಥಟ್ಟನೆ ನೆನಪಾಗುವುದು ಚಿಕ್ಕಮಗಳೂರು. 1978ರಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಸ್ಥಾನದಿಂದ ಇಂದಿರಾ ಗಾಂಧಿ ನಿಂತರು. ಎದುರಾಳಿ ವೀರೇಂದ್ರ ಪಾಟೀಲರು. ಸುಮಾರು 77 ಸಾವಿರ ಮತಗಳಿಂದ ಗೆದ್ದ ಇಂದಿರಾ ಅವರನ್ನು ಡಿಸೆಂಬರ್ 19ರಂದು ಲೋಕಸಭೆ ಉಚ್ಚಾಟಿಸಿತು. ಕುರ್ಚಿ ಮತ್ತೆ ಖಾಲಿ.

ಕುರ್ಚಿ ಮತದಾರರದೇ ಆದರೂ ಎಷ್ಟು ದಿನದೊಳಗೆ ತುಂಬಬೇಕು ಎಂಬುದು ನಮ್ಮಲ್ಲೂ ಬಹುಕಾಲ ಬರೆದಿರಲಿಲ್ಲ. ಗಢ್ವಾಲ್ ಕ್ಷೇತ್ರದ ಹೇಮವತಿ ನಂದನ್ ಬಹುಗುಣ 1980ರಲ್ಲಿ ಪಕ್ಷ ಬಿಟ್ಟಾಗ ಲೋಕಸಭಾ ಸದಸ್ಯತ್ವಕ್ಕೂ ರಾಜೀನಾಮೆ ಕೊಟ್ಟರು. ಆಗ ಪಕ್ಷಾಂತರ ನಿಷೇಧ ಕಾಯ್ದೆ ಇರಲಿಲ್ಲ, ಕೊಡಲೇಬೇಕೆಂದಿರಲಿಲ್ಲ. ಗುಡ್ಡಗಾಡಿನ ಆ ಜನರಿಗೆ ಹೊಸ ಸದಸ್ಯ ಸಿಕ್ಕಿದ್ದು 1982ರಲ್ಲಿ. ನಡುವೆ 1981ರಲ್ಲಿ ನಡೆದ ಮತದಾನವನ್ನು ಚುನಾವಣಾ ಆಯೋಗವೇ ರದ್ದು ಮಾಡಿತ್ತು. ಕೊನೆಗೆ ಗೆದ್ದವರು ಬಹುಗುಣ ಅವರೇ. ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು ಎಂಬ ನಿಯಮ ಪ್ರಜಾಪ್ರತಿನಿಧಿ ಕಾಯ್ದೆಗೆ 151ಎ ಕಲಮಾಗಿ ಸೇರಿದ್ದು 1996ರಲ್ಲಿ. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ಬೇಕಿಲ್ಲ.

ಈ ಒಂದು ವರ್ಷದ ಗೆರೆ ನಮ್ಮ ಮಂಡ್ಯ ಜಿಲ್ಲೆಯವರ ಮನೆಬಾಗಿಲಿಗೇ ಬಂತು. 2018ರ ಮೇ ತಿಂಗಳಲ್ಲಿ ನಮ್ಮ ಸಂಸದರಾಗಿದ್ದ ಸಿ.ಎಸ್. ಪುಟ್ಟರಾಜು ವಿಧಾನಸಭೆಗೆ ಗೆದ್ದು ಲೋಕಸಭೆ ಬಿಟ್ಟರು. ಶಿವಮೊಗ್ಗದಲ್ಲಿ ಯಡಿಯೂರಪ್ಪ, ಬಳ್ಳಾರಿಯಲ್ಲಿ ಶ್ರೀರಾಮುಲು ಕೂಡ ಹಾಗೆಯೇ ಬಿಟ್ಟರು. ಮೂರು ಸ್ಥಾನ ತೆರವಾದದ್ದು ಮೇ 18 ಮತ್ತು 21ರಂದು. ಲೋಕಸಭೆಯ ಅವಧಿ 2019ರ ಜೂನ್ 3ರವರೆಗೆ. ಅಂದರೆ ಒಂದು ವರ್ಷದ ಮೇಲೆ ಸುಮಾರು ಎರಡು ವಾರ. ಅಷ್ಟಕ್ಕೇ ಚುನಾವಣೆ ಕಡ್ಡಾಯವಾಯಿತು. ಅದೇ ವರ್ಷ ಆಂಧ್ರದ ಐವರು ಸಂಸದರ ರಾಜೀನಾಮೆ ಜೂನ್ 20ರಂದು ಅಂಗೀಕಾರವಾಯಿತು. ಒಂದು ವರ್ಷಕ್ಕೆ ಕೆಲವೇ ದಿನ ಕಡಿಮೆ. ಅಲ್ಲಿ ಉಪಚುನಾವಣೆ ಇಲ್ಲ.

ನವೆಂಬರ್ 3, ಶನಿವಾರ ಮತದಾನ. ದೀಪಾವಳಿಗೆಂದು ಊರಿಗೆ ಬಂದಿದ್ದೆ. ಅವ್ವ ಗೊಣಗಿದಳು: 'ಮೊನ್ನೆ ಮೊನ್ನೆ ಓಟ್ ಆಕ್ಬಂದಿವ್ನಿ, ಇನ್ನೇನ್ಲಾ ಇದು? ಅವ್ರು ಬಿಟ್ಟೋದ್ರೆ ನಾವ್ಯಾಕ್ಲಾ ಬಿಸ್ಲಲ್ಲಿ ನಿಂತ್ಕಬೇಕು?' ಉತ್ತರ ಕೊಡಲು ಹೊರಟು ಸುಮ್ಮನಾದೆ. ಸಾವು ಹೇಳಿಕೇಳಿ ಬರುವುದಿಲ್ಲ, ಅದಕ್ಕೆ ಮತ್ತೊಮ್ಮೆ ಸಾಲಿನಲ್ಲಿ ನಿಲ್ಲಲು ಯಾರೂ ಬೇಸರಪಡುವುದಿಲ್ಲ. ಒಂದು ಕುರ್ಚಿಯಲ್ಲಿ ಕೂತು ಇನ್ನೊಂದಕ್ಕೆ ಸ್ಪರ್ಧಿಸಿ ಬಿಡುವುದು ಬೇರೆ. ಕಾನೂನು ಎರಡನ್ನೂ ಒಂದೇ ಎನ್ನುತ್ತದೆ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗಂತ ಖಾಲಿ ಬಿಡುವುದಾಗಲೀ ಪಕ್ಷದ ಕೈಗೆ ಕೊಡುವುದಾಗಲೀ ನನಗೆ ಒಪ್ಪಿಗೆಯಿಲ್ಲ.

ಗೊಣಗಿದರೂ ಅವ್ವ ಹೊಸ ಸೀರೆ ಉಟ್ಟು ಹೊರಟಳು. ಮತಗಟ್ಟೆ ನಮ್ಮ ಇದೇ ಶಾಲೆ, ನಾನು ಒಂಬತ್ತನೇ ತರಗತಿ ಓದಿದ ಕೋಣೆ. ಆ ಸಲ ಗೆದ್ದ ಎಲ್.ಆರ್. ಶಿವರಾಮೇಗೌಡರ ಅವಧಿ ಮುಂದಿನ ಮೇ ತಿಂಗಳಿಗೇ ಮುಗಿಯಿತು. 2019ರ ಏಪ್ರಿಲ್ 18ರಂದು ಅವ್ವ ಅದೇ ಕೋಣೆಗೆ ಒಂದು ವರ್ಷದೊಳಗೆ ಮೂರನೇ ಸಲ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದಳು.